ಕಲ್ಲು ಮೇಷ್ಟ್ರ ಹತ್ತೊಂಬತ್ತು ಪಾಠ

ಮೇಷ್ಟ್ರ ಹೆಂಡತಿಗೆ ತಪ್ಪು ಕಣ್ಣಿಗೆ ಬಿತ್ತೆಂದರೆ ಊಟದಲ್ಲಿ ಕಲ್ಲು ಸಿಕ್ಕಿದಂತೆ. ಉಗುಳದೆ ಮುಂದಿನ ತುತ್ತಿಗೆ ಹೋಗಲಾರಳು. ಮೂವತ್ತೊಂದು ವರ್ಷದಿಂದ ಒಂದೇ ಮುದ್ರಣಾಲಯದಲ್ಲಿ ಪ್ರೂಫ್ ನೋಡುವ ಕೆಲಸ. ಔಷಧದ ಚೀಟಿ, ಬಸ್ಸಿನ ಬೆನ್ನಿನ ಬರಹ, ಪಕ್ಕದ ಮನೆಯ ಗೇಟಿನ ‘ನಾಯಿ ಇದೆ’, ಯಾವುದನ್ನು ಓದಿದರೂ ಅವಳ ಬಲಗೈ ತಾನಾಗಿ ಕೆಂಪು ಪೆನ್ನು ಹುಡುಕುತ್ತಿತ್ತು. ಮುದ್ರಣಾಲಯದವರು ಬೆನ್ನ ಹಿಂದೆ ಅವಳನ್ನು ‘ಕೊಂಬು ದೀರ್ಘ’ ಎಂದು ಕರೆಯುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು. ಕಾಗುಣಿತ ಸರಿಯಾಗಿದ್ದುದರಿಂದ ಸುಮ್ಮನಿದ್ದಳು.

ಮೇಷ್ಟ್ರು ಅವಳಿಗೆ ಗಂಟು ಬಿದ್ದದ್ದೂ ಒಂದು ತಪ್ಪಿನ ದೆಸೆಯಿಂದಲೇ. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಏಳನೇ ತರಗತಿಯ ವಿಜ್ಞಾನದ ಕೈಪಿಡಿಯೊಂದು ಅಲ್ಲಿ ಅಚ್ಚಾಗಿತ್ತು. ಅದರಲ್ಲಿ ‘ಭೂಮಿಯ ವಯಸ್ಸು ಸುಮಾರು ನಾನೂರ ಅರವತ್ತು ಕೋಟಿ ವರ್ಷ’ ಎಂಬಲ್ಲಿ ಕೋಟಿ ಉದುರಿಹೋಗಿತ್ತು. ವಾರದೊಳಗೆ ಶಾಲಾ ಮಾಸ್ತರೊಬ್ಬನ ಕಾಗದ ಬಂತು. ‘ಮಾನ್ಯರೇ, ಭೂಮಿಗೆ ತಾವು ದಯಪಾಲಿಸಿದ ಎಳೇ ಪ್ರಾಯಕ್ಕಾಗಿ ಅದರ ಪರವಾಗಿ ನನ್ನ ಧನ್ಯವಾದ.’ ಆ ಪುಟ ಅಚ್ಚಿಗೆ ಹೋದ ದಿನ ಅವಳು ರಜೆಯಲ್ಲಿದ್ದಳು. ಆದರೂ ಮೈಯೆಲ್ಲ ಉರಿದುಹೋಯಿತು. ಆ ಕಾಗದದಲ್ಲೇ ಐದು ತಪ್ಪು ಹುಡುಕಿ, ಕೆಂಪಿನಲ್ಲಿ ಗುರುತು ಹಾಕಿ, ವಾಪಸು ಅಂಚೆಗೆ ಹಾಕಿದಳು. ಹತ್ತು ದಿನ ಬಿಟ್ಟು ಉದ್ದನೆಯ ಒಬ್ಬ ಮನುಷ್ಯ ತಿದ್ದಿ ಬರೆದ ಕಾಗದ ಹಿಡಿದುಕೊಂಡು ಮುದ್ರಣಾಲಯದ ಬಾಗಿಲಲ್ಲಿ ನಿಂತಿದ್ದ. ವರ್ಷ ತುಂಬುವುದರೊಳಗೆ ಮದುವೆಯಾಯಿತು.

ಮೇಷ್ಟ್ರ ಜೋಳಿಗೆಯಲ್ಲಿ ಯಾವಾಗಲೂ ಕಲ್ಲು. ಬೆಣಚು, ಅಭ್ರಕ, ಸುಣ್ಣದಕಲ್ಲು, ಎಲೆಯ ಅಚ್ಚು ಬಿದ್ದ ಒಂದು ಚಪ್ಪಟೆ ಕಲ್ಲು. ಶಾಲೆಯ ಮಕ್ಕಳು ಕಲ್ಲು ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಮೇಷ್ಟ್ರು ಹೆಂಡತಿಯನ್ನು ‘ಪ್ರೂಫೂ’ ಎಂದು ಕರೆಯುತ್ತಿದ್ದರು. ಸಿಟ್ಟಿದ್ದರೆ ದೀರ್ಘ ಇಲ್ಲದೆ, ಖುಷಿಯಿದ್ದರೆ ಬೀದಿಗೆಲ್ಲ ಕೇಳುವ ಹಾಗೆ ಎಳೆದು. ಮಕ್ಕಳಾಗಲಿಲ್ಲ. ಮೊದಮೊದಲು ಅದರ ಬಗ್ಗೆ ಮಾತಾಡಿದರು, ಆಮೇಲೆ ಬಿಟ್ಟರು. ಮಾತಿಗೇನೂ ಬರವಿರಲಿಲ್ಲ, ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮೇಷ್ಟ್ರ ಬಾಯಿ ನಡೆದೇ ಇರುತ್ತಿತ್ತು.

ಆ ಬಾಯಿಗೇ ಕುತ್ತು ಬಂತು. ಆರು ತಿಂಗಳಿಂದ ಧ್ವನಿ ಒಡೆದಿತ್ತು. ಪಾಠ ಮಾಡಿ ಮಾಡಿ ಹೀಗಾಗಿದೆ ಎಂದು ಇಬ್ಬರೂ ಅಸಡ್ಡೆ ಮಾಡಿದ್ದರು. ಡಾಕ್ಟರು ಬಣ್ಣದ ಚಿತ್ರವೊಂದನ್ನು ಮೇಜಿನ ಮೇಲಿಟ್ಟು, ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯದೆ ಬೇರೆ ದಾರಿಯಿಲ್ಲ, ಇನ್ನು ಹದಿನೆಂಟು ದಿನಕ್ಕೆ ಆಪರೇಷನ್ ಎಂದರು.

“ಡಾಕ್ಟ್ರೇ, ನಾನು ಮಕ್ಕಳಿಗೆ ಹೇಳಿಕೊಡೋದೇ ದ್ರವ್ಯದ ಗುಣಗಳು” ಎಂದರು ಮೇಷ್ಟ್ರು. “ಉಪ್ಪಿಗೆ ಗುಣ ಇದೆ, ಕಬ್ಬಿಣಕ್ಕೆ ಗುಣ ಇದೆ. ನನಗೊಬ್ಬನಿಗೇ ಗುಣ ಆಗಲ್ಲ ಅಂದ್ರೆ ಹೇಗೆ?”

“ಗುಣ ಆಗಬಹುದು ಸಾರ್. ಮಾತು ಮಾತ್ರ ಬರಲ್ಲ.”

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ಜೋಕು ಹಾರಿಸಿದಾಗಲೆಲ್ಲ ಅವಳು ನಕ್ಕಳೋ ಇಲ್ಲವೋ ನೋಡುವುದು ಅವರ ಚಾಳಿ. ಅವಳು ಆ ಚಿತ್ರದ ಕೆಳಗೆ ಬರೆದದ್ದನ್ನೇ ನೋಡುತ್ತಿದ್ದಳು. ಅದರಲ್ಲಿ ‘ಶ್ವಾಸನಾಳ’ಕ್ಕೆ ವಕಾರದ ಒತ್ತು ಬಿಟ್ಟುಹೋಗಿತ್ತು. ಅಲ್ಲಿ ಕೂತು ಅದೊಂದನ್ನು ಬಿಟ್ಟು ಬೇರೇನೂ ತಲೆಗೆ ಹೋಗದ ತನ್ನ ಬಗ್ಗೆ ಅವಳಿಗೇ ಅಸಹ್ಯವಾಯಿತು.

ಮನೆಗೆ ಬಂದ ಮೇಷ್ಟ್ರಿಗೆ ಬೇರೆಯದೇ ಚಿಂತೆ. ಏಳನೇ ತರಗತಿಗೆ ಎರಡು ಘಟಕ ಬಾಕಿ ಇತ್ತು: ಭೂಮಿಯ ಇತಿಹಾಸ ಮತ್ತು ದ್ರವ್ಯದ ಗುಣಗಳು. ಅವರ ಬದಲಿಗೆ ಬರುವವರು ಗಣಿತದ ಮೇಡಂ.

“ಆಯಮ್ಮ ಪಾಠ ಓದಿಸ್ತಾರೆ ಕಣೇ, ಮಾಡಲ್ಲ. ‘ಡೈನೋಸಾರ್‌ಗಳು ಅಳಿದವು, ಅಡಿಗೆರೆ ಎಳೀರಿ’ ಅಂತಾರೆ. ಅಳಿದವು ಅಂದ್ರೆ ಏನು ಅಂತ ಒಂದು ಮಗುಗಾದ್ರೂ ಗೊತ್ತಾಗುತ್ತಾ? ಒಂದು ಕೆಲಸ ಮಾಡೋಣ. ನಾನು ಹೇಳ್ತೀನಿ, ನೀನು ಫೋನಲ್ಲಿ ರೆಕಾರ್ಡ್ ಮಾಡು.”

ಅವಳು ಕೂಡಲೇ ಒಪ್ಪಿದಳು. ಆ ಧ್ವನಿ ಹೋಗುತ್ತದೆ ಎಂಬುದನ್ನು ಆ ಮಧ್ಯಾಹ್ನದಿಂದ ಅವಳು ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡುತ್ತಿದ್ದಳು. ಹೀಗಾದರೂ ಉಳಿಯಲಿ ಎಂದುಕೊಂಡಳು. ಆದರೆ ಹಾಗೆಂದು ಬಾಯಿಬಿಟ್ಟು ಅವರಿಗೆ ಹೇಳಲಿಲ್ಲ. ಹೇಳಿದರೆ ಅಳು ಬರುತ್ತದೆ, ಅತ್ತರೆ ಅವರು ಹೆದರುತ್ತಾರೆ ಎಂದು ಅವಳ ಲೆಕ್ಕ.

ಮುದ್ರಣಾಲಯದಲ್ಲಿ ಅರ್ಧ ದಿನದ ರಜೆ ಹಾಕಿ ದಿನವೂ ಮೂರು ಗಂಟೆಗೆ ಮನೆಗೆ ಬರುತ್ತಿದ್ದಳು. ಊಟದ ಮೇಜಿನ ಆ ಕಡೆ ಅವರು, ಈ ಕಡೆ ಫೋನು ಹಿಡಿದು ಇವಳು. ಮೇಜಿನ ಮೇಲಿಟ್ಟರೆ ಅವರು ಗುದ್ದಿ ಗುದ್ದಿ ಮಾತಾಡುವ ಸದ್ದು ಗುಡುಗಿನ ಹಾಗೆ ಕೇಳುತ್ತಿತ್ತು, ಅದಕ್ಕೆ ಕೈಯಲ್ಲೇ ಹಿಡಿಯಬೇಕಿತ್ತು. ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಇಬ್ಬರೂ ಬೆವರುತ್ತ ಕೂರುತ್ತಿದ್ದರು.

“ಮಕ್ಕಳೇ, ನಿಮ್ಮ ಶಾಲೆ ಜಗಲಿಯಲ್ಲಿ ನಲವತ್ತಾರು ಮೀಟರ್ ಹಗ್ಗ ಕಟ್ಟಿ. ಮೇಡಂ ಬೈದ್ರೆ ನನ್ನ ಹೆಸರು ಹೇಳಿ. ಒಂದು ಮೀಟರ್ ಅಂದ್ರೆ ಹತ್ತು ಕೋಟಿ ವರ್ಷ. ಆ ತುದಿಯಲ್ಲಿ ಭೂಮಿ ಕುದೀತಾ ಇದೆ. ನಡೀರಿ. ಹತ್ತು ಮೀಟರ್ ನಡೆದ್ರೂ ಒಂದು ಹುಳ ಕಾಣಲ್ಲ. ನಡೀರಿ, ಬೇಜಾರಾಗುತ್ತಾ? ಭೂಮಿಗೂ ಆಗಿರಬೇಕು. ಮೀನು ಬರೋ ಹೊತ್ತಿಗೆ ಹಗ್ಗ ಮುಗೀತಾ ಬಂತು. ಕೊನೆಗೆ ಒಂದೂವರೆ ಮೊಳ ಇದೆ ಅನ್ನೋವಾಗ ಡೈನೋಸಾರ್ ಹೋಯ್ತು. ಮನುಷ್ಯ ಎಲ್ಲಿ? ಕೊನೇ ಮೂರು ಮಿಲಿಮೀಟರ್.” ಅಲ್ಲಿಗೆ ನಿಲ್ಲಿಸಿ ಅವಳನ್ನು ನೋಡಿ ಕಣ್ಣು ಹೊಡೆದರು. “ಅದೇ ಮೂರು ಮಿಲಿಮೀಟರಲ್ಲೇ ನಮ್ಮ ಪ್ರೂಫಿನ ಸಿಟ್ಟೂ ಬಂತು. ಸ್ವಲ್ಪ ಹೊರಗಡೆ ಚಾಚಿಕೊಂಡಿದೆ ಅನ್ಸುತ್ತೆ.”

“ರೀ, ಪಾಠ ಮಾಡಿ!”

ಹೀಗೆ ಒಂದಲ್ಲ, ಎರಡಲ್ಲ. ‘ಪ್ರೂಫೂ, ನೀರು’ ಎನ್ನುತ್ತಿದ್ದರು. ‘ಪದರಶಿಲೆ ಅನ್ನಲಾ ಸಂಚಿತ ಶಿಲೆ ಅನ್ನಲಾ, ನಿನ್ನ ಪುಸ್ತಕದಲ್ಲಿ ಏನಿದೆ?’ ಎಂದು ಕೇಳುತ್ತಿದ್ದರು. ‘ಕೈ ನೋಯ್ತಿದ್ಯಾ, ಫೋನು ಕೆಳಗಿಡು ಒಂದು ನಿಮಿಷ’ ಎನ್ನುತ್ತಿದ್ದರು. ಘನವಸ್ತುವಿನ ಪಾಠದಲ್ಲಿ, ‘ಘನ ಅಂದ್ರೆ ಎಲ್ಲಿಟ್ರೂ ತನ್ನ ಆಕಾರ ಬಿಡದೇ ಇರೋದು, ಉದಾಹರಣೆಗೆ ನನ್ನ ಹೆಂಡತಿ’ ಎಂದುಬಿಟ್ಟರು. ಸಾಂದ್ರತೆಯ ಪಾಠದ ದಿನ ಲೋಟದಲ್ಲಿ ಉಪ್ಪುನೀರು ಕಲಸಿ ಮೊಟ್ಟೆ ಬಿಟ್ಟು, “ನೋಡಿ, ನೋಡಿ, ಹೇಗೆ ತೇಲ್ತಾ ಇದೆ!” ಎಂದು ಸಂಭ್ರಮಪಟ್ಟರು.

“ರೀ, ಇದು ಬರೀ ಕೇಳೋದು. ಅವರಿಗೆ ಮೊಟ್ಟೆ ಕಾಣಲ್ಲ.”

“ನೀನು ಹೇಳಿದ್ರೆ ಕಾಣಲ್ಲ. ನಾನು ಹೇಳಿದ್ರೆ ಕಾಣುತ್ತೆ. ಬೆಟ್ ಕಟ್ತೀಯಾ?”

ಅವಳಿಗೆ ನಗು ತಡೆಯಲಾಗದೆ ಫೋನು ಅಲ್ಲಾಡಿತು. ಆ ಹದಿನೆಂಟು ದಿನಗಳಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ರೆಕಾರ್ಡಾದ ಪಾಠಗಳನ್ನು ಶಾಲೆಯ ಕಂಪ್ಯೂಟರ್ ಮಿಸ್‌ಗೆ ಕೊಡಬೇಕಿತ್ತು. ಆಕೆ ಇಪ್ಪತ್ತಾರರ ಹುಡುಗಿ, ಮೇಷ್ಟ್ರ ಹಳೇ ವಿದ್ಯಾರ್ಥಿನಿ. ಫೋನಿನಲ್ಲಿ ಜಾಗ ಕಡಿಮೆ. ಎರಡು ಪಾಠ ತುಂಬುವಷ್ಟರಲ್ಲಿ ‘ಜಾಗವಿಲ್ಲ’ ಎಂದು ಮೊಂಡು ಹಿಡಿಯುತ್ತಿತ್ತು. ಆದ್ದರಿಂದ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಶಾಲೆಗೆ ಹೋಗಿ, ಪಾಠವನ್ನು ಕಂಪ್ಯೂಟರಿಗೆ ಹಾಕಿಸಿ, ಫೋನಿನಿಂದ ಅಳಿಸಿಬಿಡುತ್ತಿದ್ದಳು. ಹಾಗೆ ಕೊಡುವ ಮುಂಚೆ ಪಾಠವನ್ನು ಒಂದು ಸಲ ಪೂರ್ತಿ ಕೇಳಿ, ಬೇಡದ ಜಾಗಗಳನ್ನು ಗುರುತು ಮಾಡುತ್ತಿದ್ದಳು. ಮುದ್ರಣಾಲಯದ ಪ್ರೂಫ್ ಹಾಳೆಯ ಹಿಂಬದಿಯಲ್ಲಿ ಪಾಠದ ಸಂಖ್ಯೆ, ಇಷ್ಟು ನಿಮಿಷದಿಂದ ಇಷ್ಟು ನಿಮಿಷದವರೆಗೆ, ಪಕ್ಕದಲ್ಲಿ ‘ತೆಗೆ’ ಎನ್ನುವ ಸುರುಳಿ ಗುರುತು. ಕೆಮ್ಮು ತೆಗೆ. ನೀರು ಕೇಳಿದ್ದು ತೆಗೆ. ಪ್ರೂಫಿನ ಸಿಟ್ಟು ತೆಗೆ. ಮೊಟ್ಟೆಯ ಜಗಳ ತೆಗೆ.

“ಇದನ್ನೆಲ್ಲ ತೆಗೀಬೇಕಾ ಅಮ್ಮಾ?” ಎಂದು ಕಂಪ್ಯೂಟರ್ ಮಿಸ್ ರಾಗ ಎಳೆದಳು. “ಚೆನ್ನಾಗಿದೆಯಲ್ಲ. ಮಕ್ಕಳು ನಗ್ತಾರೆ.”

“ಅದಕ್ಕೇ ತೆಗಿ ಅನ್ನೋದು. ನಾಳೆ ಬೀದೀಲಿ ಹೋಗ್ತಿದ್ರೆ ಘನವಸ್ತು ಬಂತು ಅಂತಾರೆ. ಇದು ವರ್ಷಾನುಗಟ್ಟಲೆ ಉಳಿಯೋ ಪಾಠ ಕಣಮ್ಮ. ಅವರ ಧ್ವನಿ ಅಂತ ಉಳಿಯೋದು ಇದೊಂದೇ. ಅದು ಚೊಕ್ಕವಾಗಿರಬೇಕು.”

ಕಂಪ್ಯೂಟರ್ ಮಿಸ್ ಪಟ್ಟಿಯಲ್ಲಿದ್ದ ಹಾಗೆ ತೆಗೆದು, ಚೊಕ್ಕ ಮಾಡಿದ್ದನ್ನು ಹಳೆಯದರ ಜಾಗದಲ್ಲೇ ಇಟ್ಟಳು. ಹದಿನೆಂಟು ಪಾಠಕ್ಕೆ ಒಟ್ಟು ಅರವತ್ತೆರಡು ಕಡೆ ತೆಗೆದದ್ದಾಯಿತು.

ಹತ್ತೊಂಬತ್ತನೆಯದು ಆಸ್ಪತ್ರೆಗೆ ಸೇರುವ ಹಿಂದಿನ ದಿನದ್ದು. ದ್ರವ್ಯದ ಕೊನೆಯ ಪಾಠ. ಅವತ್ತು ಅವರ ಧ್ವನಿ ಮರಳು ಕಾಗದ ಉಜ್ಜಿದ ಹಾಗಿತ್ತು. ನುಸಿಗುಳಿಗೆ ಕರಗದೆ, ನೀರಾಗದೆ, ನೇರವಾಗಿ ಗಾಳಿಯಾಗುವುದು ಹೇಗೆ ಎಂದು ಹೇಳುತ್ತಿದ್ದವರು ಮಧ್ಯೆ ಗಂಟಲು ಹಿಡಿದುಕೊಂಡು ಬಿಸಿನೀರು ಬೇಕೆಂದು ಸನ್ನೆ ಮಾಡಿದರು. ಅವಳು ಫೋನನ್ನು ಪುಸ್ತಕಕ್ಕೆ ಆನಿಸಿಟ್ಟು ಅಡುಗೆಮನೆಗೆ ಹೋದಳು. ಗ್ಯಾಸು ಮುಗಿದಿತ್ತು. ಸಿಲಿಂಡರ್ ಬದಲಿಸಿ, ನೀರು ಕಾಯಿಸಿ, ಆರಿಸಿ ತರುವಷ್ಟರಲ್ಲಿ ಹತ್ತು ನಿಮಿಷವಾಯಿತು. ಬಾಗಿಲಿಗೆ ಬಂದಾಗ ಅವರು ಮುಂದಕ್ಕೆ ಬಾಗಿ ಫೋನಿನ ಹತ್ತಿರ ಏನೋ ಹೇಳುತ್ತಿದ್ದರು. ಅವಳನ್ನು ಕಂಡದ್ದೇ ಬೆರಳೊತ್ತಿ ಆರಿಸಿಬಿಟ್ಟರು.

“ಮುಗೀತು” ಎಂದರು.

“ಏನೋ ಗೊಣಗ್ತಾ ಇದ್ರಲ್ಲ?”

“ಪಾಠ. ಇದೊಂದನ್ನ ಪೂರ್ತಿ ಕೇಳು, ಆಯ್ತಾ?”

“ಪೂರ್ತಿ ಕೇಳದೆ ಯಾವತ್ತು ಬಿಟ್ಟಿದೀನಿ ಹೇಳಿ?” ಎಂದು ಅವಳು ಲೋಟ ಕೈಗಿಟ್ಟಳು. ಮೇಷ್ಟ್ರು ನೀರು ಗುಟುಕರಿಸಿದರು.

ಆ ಸಂಜೆ ಆಸ್ಪತ್ರೆಗೆ ಟವೆಲ್ಲು, ಫ್ಲಾಸ್ಕು, ಪರೀಕ್ಷೆಯ ಕಾಗದಗಳನ್ನು ಜೋಡಿಸುತ್ತ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಕೊನೆಯ ಪಾಠ ಕೇಳಿದಳು. ಹನ್ನೊಂದನೇ ನಿಮಿಷಕ್ಕೆ ‘ಇಲ್ಲಿಗೆ ನಿಮ್ಮ ಪಾಠ ಮುಗೀತು, ಮಕ್ಕಳೇ’ ಎಂದಿತು ಧ್ವನಿ. ಇನ್ನೂ ಆರು ನಿಮಿಷ ಉಳಿದಿದೆ ಎಂದು ಫೋನು ತೋರಿಸುತ್ತಿತ್ತು. ನೀರಿಗೆ ಕಾಯುತ್ತ ಕೆಮ್ಮಿದ್ದು, ಗೊಣಗಿದ್ದು ಇರಬೇಕು ಎಂದುಕೊಂಡಳು. ಅಷ್ಟರಲ್ಲಿ ಆಸ್ಪತ್ರೆಯಿಂದ ಕರೆ ಬಂತು. ಬೆಳಿಗ್ಗೆ ಆರಕ್ಕೇ ಬನ್ನಿ, ಏನೂ ತಿನ್ನಿಸಬೇಡಿ ಎಂದರು. ಕರೆ ಮುಗಿದ ಮೇಲೆ ಪಟ್ಟಿಯಲ್ಲಿ ಬರೆದಳು: ‘ಪಾಠ 19. ಹನ್ನೊಂದನೇ ನಿಮಿಷದಿಂದ ಕೊನೆಯವರೆಗೆ.’ ಪಕ್ಕದಲ್ಲಿ ಸುರುಳಿ. ಮೂವತ್ತೊಂದು ವರ್ಷದಲ್ಲಿ ಕೊನೆಯ ಪುಟ ಓದದೆ ಅವಳು ಪ್ರೂಫ್ ದಾಟಿಸಿದ್ದು ಅದೇ ಮೊದಲು. ಮಾರನೇ ಮುಂಜಾನೆ ಆಸ್ಪತ್ರೆಗೆ ಹೋಗುವ ಆಟೋ ನಿಲ್ಲಿಸಿ, ಶಾಲೆಯ ಹಿಂದಿನ ಬೀದಿಯಲ್ಲಿದ್ದ ಕಂಪ್ಯೂಟರ್ ಮಿಸ್‌ನ ಮನೆ ಬಾಗಿಲು ತಟ್ಟಿ, ಪಟ್ಟಿಯನ್ನೂ ಪಾಠವನ್ನೂ ಒಪ್ಪಿಸಿದಳು. ಆಮೇಲೆ ಫೋನಿನಿಂದ ಅಳಿಸಿದಳು. ಆಸ್ಪತ್ರೆಯಲ್ಲಿ ಫೋನು ಬೇಕಾಗುತ್ತದಲ್ಲ.

ಆಪರೇಷನ್ ಆಯಿತು. ಕತ್ತಿನಲ್ಲಿ ಒಂದು ತೂತು, ಅದರ ಮೇಲೊಂದು ತೆಳುಬಟ್ಟೆ, ಉಸಿರಾಡಿದರೆ ಸೀಟಿಯ ಸದ್ದು. ಮೇಷ್ಟ್ರಿಗೆ ಸ್ಲೇಟು ಬಂತು. ಒಂಬತ್ತನೇ ದಿನ ಅವಳು ಶಾಲೆಗೆ ಹೋಗಿ ಬಂದು ಹಾಸಿಗೆಯ ಪಕ್ಕ ಕೂತಳು. ಹತ್ತೊಂಬತ್ತೂ ಪಾಠ ಸಿದ್ಧವಾಗಿದೆ, ತಾನೇ ಕೂತು ಕೇಳಿದ್ದೇನೆ, ಮಕ್ಕಳು ಜಗಲಿಯಲ್ಲಿ ಹಗ್ಗ ಕಟ್ಟಿದ್ದಾರೆ ಎಂದು ವರದಿ ಒಪ್ಪಿಸಿದಳು. ಮೇಷ್ಟ್ರು ಸ್ಲೇಟು ಎತ್ತಿಕೊಂಡರು.

‘ಕೊನೇದು ಕೇಳಿದೆಯಾ?’

“ಕೇಳ್ದೆ ಕಣ್ರೀ. ಬಹಳ ಚೊಕ್ಕವಾಗಿ ಬಂದಿದೆ. ಒಂದೂ ತಪ್ಪಿಲ್ಲ.”

ಅವರು ಅವಳ ಮುಖವನ್ನೇ ನೋಡಿದರು. ಇನ್ನೂ ಏನೋ ಹೇಳುತ್ತಾಳೆ ಎಂಬ ಹಾಗೆ ಕಾದರು. ಅವಳು ಹಣ್ಣಿನ ರಸ ಸೋಸತೊಡಗಿದಳು. ಮೇಷ್ಟ್ರು ಹೆಬ್ಬೆರಳಿನಿಂದ ಸ್ಲೇಟು ಒರೆಸಿ, ‘ಸರಿ’ ಎಂದು ಬರೆದರು. ಮತ್ತೆ ಆ ಮಾತೆತ್ತಲಿಲ್ಲ.

ಆಮೇಲೆ ಏಳು ತಿಂಗಳು. ಮೇಷ್ಟ್ರು ಬೇಕೆಂದೇ ಸ್ಲೇಟಿನ ಮೇಲೆ ತಪ್ಪು ಬರೆಯುತ್ತಿದ್ದರು. ‘ನಿರು ಕೊಡು’ ಎಂದು ಬರೆದು ಅವಳು ಬಳಪ ಕಸಿದುಕೊಂಡು ದೀರ್ಘ ಹಾಕುವವರೆಗೆ ಲೋಟ ಮುಟ್ಟುತ್ತಿರಲಿಲ್ಲ. ಒಮ್ಮೊಮ್ಮೆ ಬಳಪ ಹಿಡಿದು ಏನೂ ಬರೆಯದೆ ಕೂತಿರುತ್ತಿದ್ದರು. ‘ಏನ್ರೀ?’ ಎಂದರೆ ತಲೆಯಾಡಿಸಿ ಕೆಳಗಿಡುತ್ತಿದ್ದರು. ನೋವಿರಬೇಕೆಂದು ಅವಳು ಮಾತ್ರೆ ಕೊಡುತ್ತಿದ್ದಳು. ಕಾಯಿಲೆ ಶ್ವಾಸಕೋಶಕ್ಕೆ ಇಳಿಯಿತು. ಒಂದು ಮುಂಜಾನೆ ಸೀಟಿಯ ಸದ್ದು ನಿಂತಿತ್ತು.

ಎರಡು ತಿಂಗಳು ಅವಳು ಪಾಠಗಳ ತಂಟೆಗೆ ಹೋಗಲಿಲ್ಲ. ಧ್ವನಿ ಎಲ್ಲಿಗೆ ಹೋಗುತ್ತದೆ, ಇದೆಯಲ್ಲ ಎಂಬ ಧೈರ್ಯವೇ ಅವಳನ್ನು ನಡೆಸುತ್ತಿತ್ತು. ಆಮೇಲೊಂದು ದಿನ ಮುದ್ರಣಾಲಯದಲ್ಲಿ ಯಾರೋ ಹಿಂದಿನಿಂದ ‘ಪ್ರೂಫು ಆಯ್ತಾ?’ ಎಂದು ಕೂಗಿದರು. ಹಾಳೆಯ ಬಗ್ಗೆ ಕೇಳಿದ್ದು, ಅಷ್ಟೆ. ಅವಳು ಹಾಳೆಯನ್ನು ಹಾಗೇ ಬಿಟ್ಟು ಎದ್ದಳು. ಮಧ್ಯಾಹ್ನವೇ ಶಾಲೆಗೆ ಹೋಗಿ ಕಂಪ್ಯೂಟರ್ ಮಿಸ್‌ನಿಂದ ಹತ್ತೊಂಬತ್ತೂ ಪಾಠ ಹೊಸ ಫೋನಿಗೆ ಹಾಕಿಸಿಕೊಂಡು ಬಂದಳು.

ಮಾರನೇ ದಿನ ರಜೆ ಹಾಕಿ, ಅದೇ ಮೇಜಿನ ಮುಂದೆ ಕೂತು, ಒಂದರಿಂದ ಶುರು ಮಾಡಿದಳು. ಧ್ವನಿ ಇತ್ತು. ಒಡೆದ, ಒರಟು, ಅವಳದೇ ಮೇಷ್ಟ್ರ ಧ್ವನಿ. ಎರಡನೇ ಪಾಠದವರೆಗೆ ಅವಳು ಬರೀ ಅತ್ತಳು. ನಾಲ್ಕನೆಯದರ ಹೊತ್ತಿಗೆ ಕಿವಿ ಏನನ್ನೋ ಕಾಯತೊಡಗಿತು. ಮಕ್ಕಳೇ ಎನ್ನುತ್ತಿತ್ತು ಧ್ವನಿ. ನೋಡಿ ಮಕ್ಕಳೇ, ಕೇಳಿ ಮಕ್ಕಳೇ. ಮೂರು ಮಿಲಿಮೀಟರ್ ಬಂತು, ಮುಂದಿನ ವಾಕ್ಯ ಹಿಮಯುಗ. ಘನವಸ್ತು ಬಂತು, ಉದಾಹರಣೆಗೆ ಇಟ್ಟಿಗೆ. ಮೊಟ್ಟೆ ತೇಲಿತು, ತೇಲುತ್ತಲೇ ಪ್ರಶ್ನೋತ್ತರಕ್ಕೆ ಹೋಯಿತು. ನೀರು ಬೇಕೆಂದು ಕೇಳುವವರಿಲ್ಲ, ಕೈ ನೋಯುತ್ತಾ ಎನ್ನುವವರಿಲ್ಲ. ಇಪ್ಪತ್ತೊಂಬತ್ತು ವರ್ಷ ದಿನಕ್ಕೆ ನೂರು ಸಲ ಅವಳನ್ನು ಕೂಗಿದ ಮನುಷ್ಯ ಹತ್ತೊಂಬತ್ತು ಪಾಠಗಳಲ್ಲಿ ಒಂದೇ ಒಂದು ಸಲವೂ ಅವಳನ್ನು ಕರೆಯಲಿಲ್ಲ.

ಅವಳು ಎದ್ದು ಬೀರುವಿನಿಂದ ಪಟ್ಟಿ ಹುಡುಕಿ ತೆಗೆದಳು. ಕಂಪ್ಯೂಟರ್ ಮಿಸ್ ಕೆಲಸ ಮುಗಿಸಿ ಹಿಂದಿರುಗಿಸಿದ್ದ ನಾಲ್ಕು ಹಾಳೆ. ಬರೀ ಅಂಕಿಗಳು, ಯಾವ ಮಾತು ತೆಗೆದದ್ದೆಂದು ಬರೆದಿರಲಿಲ್ಲ. ಮೂರನೇ ಪಾಠ, ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿನಿಂದ ನಾಲ್ಕು ನಲವತ್ತರವರೆಗೆ. ಇಪ್ಪತ್ತೆಂಟು ಸೆಕೆಂಡು. ಅಲ್ಲಿ ಏನಂದಿದ್ದರು? ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. ಸಂಜೆಯವರೆಗೆ ಕೂತರೂ ಅರವತ್ತಮೂರರಲ್ಲಿ ಹನ್ನೊಂದಕ್ಕೆ ಮಾತ್ರ ಮಾತು ಸಿಕ್ಕಿತು. ಉಳಿದದ್ದೆಲ್ಲ ಕೆಂಪು ಸುರುಳಿ. ಅಷ್ಟು ಅಂದವಾಗಿ ಸುರುಳಿ ಬರೆಯುವ ಕೈಯನ್ನು ಕಡಿದುಹಾಕಬೇಕು ಅನಿಸಿತು ಅವಳಿಗೆ.

ಬೆಳಿಗ್ಗೆ ಶಾಲೆಯ ಗೇಟು ತೆರೆಯುವ ಮುಂಚೆಯೇ ಅಲ್ಲಿದ್ದಳು.

“ತೆಗೆದದ್ದು ಎಲ್ಲಾದ್ರೂ ಇರುತ್ತಲ್ಲಮ್ಮ? ನಮ್ಮಲ್ಲಿ ಹಳೇ ಪ್ರೂಫು ವರ್ಷಗಟ್ಟಲೆ ಮೂಲೇಲಿ ಬಿದ್ದಿರುತ್ತೆ. ಹಾಗೆ ಎಲ್ಲಾದ್ರೂ?”

ಕಂಪ್ಯೂಟರ್ ಮಿಸ್ ಅವಳನ್ನು ಕುರ್ಚಿಯಲ್ಲಿ ಕೂರಿಸಿದಳು. ಹಳೆಯದರ ಮೇಲೇ ಹೊಸದನ್ನು ಇಟ್ಟೆ ಅಮ್ಮಾ, ಹಾಗೆ ಇಟ್ಟರೆ ಹಳೆಯದು ಹೋಗುತ್ತದೆ ಎಂದಳು. ಆದರೂ ಅವಳ ಸಮಾಧಾನಕ್ಕೆ ಎಲ್ಲ ಕಂಪ್ಯೂಟರನ್ನೂ ಒಂದೊಂದಾಗಿ ಹುಡುಕಿದಳು. ಒಂದೂವರೆ ಗಂಟೆ ಹಿಡಿಯಿತು. ಏನೂ ಸಿಗಲಿಲ್ಲ.

“ಉಳಿದದ್ದು ಹೋಗ್ಲಿ ಅಮ್ಮಾ” ಎಂದಳು ಕಂಪ್ಯೂಟರ್ ಮಿಸ್, ಅಳುಕುತ್ತ. “ಆ ಕೊನೇದಾದ್ರೂ ನೀವು ಕೇಳಿದ್ದೀರಲ್ಲ. ನಿಮಗೇ ಅಂತ ಸರ್ ಹೇಳಿದ್ದು.”

“ಯಾವ ಕೊನೇದು?”

“ಹತ್ತೊಂಬತ್ತನೇ ಪಾಠದ್ದು. ಪಾಠ ಮುಗಿದ ಮೇಲೆ ಆರು ನಿಮಿಷ ಮಾತಾಡಿದ್ರಲ್ಲ. ನಿಮ್ಮ ಸ್ವಂತ ವಿಷಯ ಅಂತ ನಾನು ಕೇಳ್ಲಿಲ್ಲ, ಅಮ್ಮಾ. ಎಲ್ಲಿಂದ ತೆಗೀಬೇಕು ಅಂತ ನೋಡೋವಾಗ ಮೊದಲ ಮಾತು ಕಿವಿಗೆ ಬಿತ್ತು, ಅಷ್ಟೇ. ಬೇಗ ನಿಲ್ಲಿಸಿಬಿಟ್ಟೆ.”

“ಏನಂದ್ರು?”

“‘ಪ್ರೂಫೂ, ನಿನ್ನ ಹತ್ರ ಒಂದು ವಿಷಯ ಕೇಳಬೇಕು. ಎದುರಿಗೆ ಕೇಳೋ ಧೈರ್ಯ ಇಷ್ಟು ವರ್ಷ ಬರ್ಲಿಲ್ಲ’ ಅಂದ್ರು. ಅಲ್ಲಿಗೆ ನಿಲ್ಲಿಸ್ದೆ.” ಕಂಪ್ಯೂಟರ್ ಮಿಸ್ ಅವಳ ಮುಖ ನೋಡಿ ತಾನೇ ಬಿಳಿಚಿಕೊಂಡಳು. “ನೀವು ಕೇಳಿಯೇ ತೆಗೆಯೋಕೆ ಹೇಳಿದ್ದು ಅಲ್ವಾ ಅಮ್ಮಾ?”

ಏನು ಕೇಳಿದ್ದಿರಬಹುದು? ಮಕ್ಕಳಿಲ್ಲದ್ದಕ್ಕೆ ಒಳಗೊಳಗೇ ಅವರನ್ನು ದೂರುತ್ತಿದ್ದಳೇ ಎಂದೇ? ಈ ಬಾಯಿಬಡುಕನ ಜೊತೆ ಸುಖವಾಗಿದ್ದಳೇ ಎಂದೇ? ಅಥವಾ ಹಳೆಯ ಯಾವುದೋ ತಪ್ಪಿಗೆ ಕ್ಷಮೆಯೇ? ಏನಾದರೇನು. ಆರು ನಿಮಿಷ ಬಾಯಿಬಿಟ್ಟು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ, ಬಹಳ ಚೊಕ್ಕವಾಗಿ ಬಂದಿದೆ, ಒಂದೂ ತಪ್ಪಿಲ್ಲ. ಅವರು ಅದನ್ನೇ ಉತ್ತರವೆಂದುಕೊಂಡು ಏಳು ತಿಂಗಳು ಬದುಕಿದರು. ಒಮ್ಮೆಯೂ ಎರಡನೇ ಸಲ ಕೇಳಲಿಲ್ಲ.

ಗಂಟೆ ಬಾರಿಸಿತು. ಈ ವರ್ಷದ ಏಳನೇ ತರಗತಿಯ ಮಕ್ಕಳು ಕಂಪ್ಯೂಟರ್ ಕೋಣೆಗೆ ನುಗ್ಗಿದರು, ಮೂವತ್ತು ನಲವತ್ತು ಮಂದಿ. ಮೇಷ್ಟ್ರ ತರಗತಿಯಲ್ಲಿ ಕೂತು ಪಾಠ ಕೇಳಿದವರು ಅವರಲ್ಲಿ ಕಡಿಮೆ. ಅವರ ವಿಜ್ಞಾನದ ಪಾಠ ಈಗ ಈ ಧ್ವನಿಯಿಂದಲೇ. ಅವಳು ಕುರ್ಚಿಯನ್ನು ಗೋಡೆಯ ಬದಿಗೆ ಸರಿಸಿಕೊಂಡು ಕೂತಳು. ಕಂಪ್ಯೂಟರ್ ಮಿಸ್ ಏನು ಮಾಡುವುದೆಂದು ತೋಚದೆ, ಇವರು ಸರ್ ಅವರ ಮನೆಯವರು ಎಂದು ಮಕ್ಕಳಿಗೆ ಹೇಳಿ ಪಾಠ ಹಾಕಿದಳು. ಜ್ವಾಲಾಮುಖಿ, ತಣ್ಣಗಾದ ನೆಲ, ಮೊದಲ ಮಳೆ. ಮಕ್ಕಳ ಪಿಸುಮಾತು ನಿಂತುಹೋಯಿತು. ಪಾಠ ಮುಗಿದಾಗ ಮುಂದಿನ ಸಾಲಿನ, ಎರಡು ಹಲ್ಲಿನ ನಡುವೆ ಸಂದಿಯಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

“ಆಂಟಿ, ಸರ್ ಮನೇಲಿ ಒಬ್ರೇ ಇದ್ರಾ?”

“ಯಾಕೆ ಮರಿ?”

“ನಮ್ಮಪ್ಪ ಫೋನಲ್ಲಿ ಮಾತಾಡೋವಾಗ ಹಿಂದೆ ಎಲ್ಲಾರ ಮಾತೂ ಕೇಳುತ್ತೆ. ಸರ್ ಹಿಂದೆ ಯಾರೂ ಇಲ್ಲ.”

ಅವಳು ಆ ಹುಡುಗಿಯ ಮುಖವನ್ನೇ ನೋಡಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಇಲ್ಲ ಕಂದಾ. ನಾನಿದ್ದೆ. ಎದುರಿಗೇ ಕೂತಿದ್ದೆ.”

“ಮತ್ತೆ ನೀವು ಏನ್ ಮಾಡ್ತಿದ್ರಿ?”

“ತಪ್ಪು ಹುಡುಕ್ತಾ ಇದ್ದೆ.”

ಮಕ್ಕಳು ಗೊಳ್ಳೆಂದು ನಕ್ಕರು. ಹುಡುಗಿಯೂ ನಕ್ಕು, ಕೂರುವ ಮುಂಚೆ ಇನ್ನೊಂದು ಕೇಳಿದಳು.

“ಸಿಕ್ತಾ ಆಂಟಿ?”

“ಸಿಕ್ತು” ಎಂದಳು ಮೇಷ್ಟ್ರ ಹೆಂಡತಿ. “ಒಂದನ್ನೂ ಬಿಡ್ಲಿಲ್ಲ.”